ಪಿತ್ತಕೋಶದ ಕಲ್ಲು: ಆಪರೇಷನ್‌ಗೆ ಕಾಯುವಾಗ ಕೇಳಿಬರುವ ಮಾತುಗಳು

ಸ್ಕ್ಯಾನಿಂಗ್ ಆಗಿ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಗೊತ್ತಾಗಿದೆ. ಆಪರೇಷನ್‌ಗೆ ಮುಂದಿನ ತಿಂಗಳ ದಿನ ಸಿಕ್ಕಿದೆ. ಅಲ್ಲಿಯವರೆಗೆ ನೋವಿನ ಜೊತೆಗೆ ಬಂಧುಬಳಗದ ಸಲಹೆಗಳನ್ನೂ ತಡೆದುಕೊಳ್ಳಬೇಕು. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಕೆಲವು ಮಾತ್ರ ಐಸಿಯುವರೆಗೆ ಕರೆದೊಯ್ಯಬಲ್ಲವು.

"ಏನಿಲ್ಲ, ಗ್ಯಾಸ್ಟ್ರಿಕ್ಕು"

ನಮ್ಮಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಏನೇ ನೋವು ಬಂದರೂ ಅದು ಗ್ಯಾಸ್ಟ್ರಿಕ್ಕೇ. ಪಿತ್ತಕೋಶದ ನೋವು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಯಕೃತ್ತಿನ ಅಡಿಗೆ ಅಂಟಿಕೊಂಡ ಈ ಪುಟ್ಟ ಚೀಲದಲ್ಲಿ 30ರಿಂದ 50 ಮಿಲಿಲೀಟರ್ ಪಿತ್ತರಸ ಹಿಡಿಯುತ್ತದೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದೊಡನೆ ಅಲ್ಲಿಂದ ಹೊರಡುವ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನು ಚೀಲ ಹಿಂಡಿಕೊಳ್ಳುವಂತೆ ಮಾಡುತ್ತದೆ. ಅದರ ಕುತ್ತಿಗೆಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ರಸಕ್ಕೆ ದಾರಿಯಿಲ್ಲ, ಒತ್ತಡ ಏರುತ್ತದೆ. ನೋವು ಹುಟ್ಟುವುದೇ ಹೀಗೆ.

ಹೀಗಾಗಿ ರಿಸೆಪ್ಷನ್‌ನಲ್ಲಿ ಬೋಂಡಾ, ತುಪ್ಪ ಸುರಿದ ಹೋಳಿಗೆ ತಿಂದು ಬಂದ ರಾತ್ರಿಯೇ ಇದು ಎಬ್ಬಿಸುವುದು ಹೆಚ್ಚು. ಎದೆಗುಂಡಿಯ ಕೆಳಗೋ ಬಲ ಪಕ್ಕೆಲುಬಿನ ಅಡಿಯೋ ಶುರುವಾಗಿ ಬೆನ್ನಿಗೆ, ಬಲ ಹೆಗಲಿಗೆ ಹಬ್ಬುತ್ತದೆ. ಮಲಗಲೂ ಆಗದು, ಕೂರಲೂ ಆಗದು. ಮನೆಯವರು ಸ್ಟೀಲ್ ಲೋಟದಲ್ಲಿ ಈನೋ ಕಲಕಿ ಕೊಡುತ್ತಾರೆ, ಆಮೇಲೆ ಓಂಕಾಳಿನ ನೀರು. ತೇಗೇನೋ ಬರುತ್ತದೆ, ನೋವು ಜಗ್ಗುವುದಿಲ್ಲ. ವಾಯುವಿನ ನೋವಾಗಿದ್ದರೆ ವಾಯು ಹೊರಹೋದಾಗ ಹಗುರಾಗಬೇಕಿತ್ತು. ಇದು ಮಾತ್ರ ಒಂದೇ ಮಟ್ಟದಲ್ಲಿ ಅರ್ಧ ಗಂಟೆಯಿಂದ ಐದಾರು ಗಂಟೆಯವರೆಗೆ ಕಾಡಿ, ತಾನಾಗಿ ಇಳಿಯುತ್ತದೆ.

ಇನ್ನೂ ಒಂದು ಮಾತಿದೆ. ಹೃದಯಾಘಾತದ ನೋವೂ ಎದೆಗುಂಡಿಯ ಬಳಿಯೇ ಬರಬಹುದು. ಕಲ್ಲಿರುವುದು ಗೊತ್ತಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ. ಬೆವರು, ಉಸಿರಾಟದ ಕಷ್ಟ, ಎಡಗೈ ಅಥವಾ ದವಡೆಯ ಸೆಳೆತ ಇದ್ದರೆ ಮೊದಲು ಇಸಿಜಿ ಆಗಲಿ.

"ನೋವು ನಿಂತಿತಲ್ಲ, ಕಲ್ಲು ಬಿದ್ದುಹೋಗಿರಬೇಕು"

ಬಹುತೇಕ ಸಲ ಅದು ಎಲ್ಲಿಗೂ ಹೋಗಿರುವುದಿಲ್ಲ. ಕುತ್ತಿಗೆಯಿಂದ ಜಾರಿ ಮತ್ತೆ ಚೀಲದೊಳಕ್ಕೆ ಬಿದ್ದಿರುತ್ತದೆ. ನಿಜಕ್ಕೂ ಹೊರಬಿದ್ದಿದ್ದರೆ ಆತಂಕ ಇನ್ನೂ ಹೆಚ್ಚು. ಸಾಸಿವೆ ಗಾತ್ರದ ಕಲ್ಲು ಮುಖ್ಯ ಪಿತ್ತನಾಳಕ್ಕೆ ಜಾರಿ ಅಲ್ಲಿ ನಿಂತರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿಯೇ ಊದಿಕೊಳ್ಳಬಹುದು. "ನಂದು ಸಣ್ಣ ಕಲ್ಲು" ಎಂದು ನಿಶ್ಚಿಂತೆಯಿಂದಿರುವವರು ಇದನ್ನು ನೆನಪಿಡಬೇಕು. ಆದರೆ ಇನ್ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡ, ಒಮ್ಮೆಯೂ ನೋವು ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಅಂಥವರೇ ಹೆಚ್ಚು.

"ಬಾಳೆದಿಂಡಿನ ರಸ ಕುಡಿ, ಕರಗುತ್ತೆ"

ಈ ಸಲಹೆ ವಿಳಾಸ ತಪ್ಪಿ ಬಂದಿದೆ. ಬಾಳೆದಿಂಡು, ಹುರುಳಿಕಟ್ಟು, ಟೊಮೆಟೊ ಬೀಜದ ಪಥ್ಯ, ಎಲ್ಲವೂ ಕಿಡ್ನಿ ಕಲ್ಲಿಗೆ ಹೇಳುವಂಥವು. ಅಲ್ಲಿ ಅವು ಎಷ್ಟು ಉಪಯೋಗ ಎಂಬುದು ಬೇರೆ ಚರ್ಚೆ. ಕಿಡ್ನಿ ಕಲ್ಲು ಮೂತ್ರದ ದಾರಿಯಲ್ಲಿರುತ್ತದೆ, ಹೆಚ್ಚು ನೀರು ಕುಡಿದರೆ ಸಣ್ಣದು ಹೊರಬೀಳಬಹುದು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಕುಡಿದ ಯಾವ ರಸವೂ ನೇರವಾಗಿ ಆ ಚೀಲವನ್ನು ಮುಟ್ಟುವುದಿಲ್ಲ. ಕರಗಿಸುವ ಮಾತ್ರೆ ಇಲ್ಲವೆಂದಲ್ಲ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಮಾತ್ರ, ಅದೂ ತಿಂಗಳುಗಟ್ಟಲೆ ತೆಗೆದುಕೊಂಡರೆ ಕರಗಿಸಬಲ್ಲದು. ಬಿಟ್ಟ ಮೇಲೆ ಅನೇಕರಲ್ಲಿ ಕಲ್ಲು ಮತ್ತೆ ಕಟ್ಟುತ್ತದೆ.

"ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಬೆಳಿಗ್ಗೆ ಕಲ್ಲು ಬೀಳುತ್ತೆ"

ಮೊಬೈಲ್‌ನಲ್ಲಿ ಹರಿದಾಡುವ ಫೋಟೋ ನೋಡಿರಬಹುದು: ಜಾಲರಿಯಲ್ಲಿ ಸೋಸಿಟ್ಟ ಹಸಿರು ಉಂಡೆಗಳು. 2005ರಲ್ಲಿ ನ್ಯೂಜಿಲೆಂಡ್‌ನ ಇಬ್ಬರು ಇಂಥವೇ ಉಂಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದರು. ಅವುಗಳಲ್ಲಿ ಕೊಲೆಸ್ಟರಾಲ್ ಇರಲಿಲ್ಲ, ಪಿತ್ತದ ವರ್ಣದ್ರವ್ಯವಿರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ. 40 ಡಿಗ್ರಿ ಬಿಸಿಗೆ ಕರಗಿ ಎಣ್ಣೆಯಾದವು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ನಿಂಬೆರಸದೊಡನೆ ಸೇರಿ ಸಾಬೂನಿನಂತೆ ಗಟ್ಟಿಯಾಗಿ ಹೊರಬಂದಿತ್ತು. ಇಷ್ಟು ಎಣ್ಣೆ ಒಮ್ಮೆಗೇ ಒಳಗಿಳಿದರೆ ಪಿತ್ತಕೋಶ ಬಲವಾಗಿ ಹಿಂಡಿಕೊಳ್ಳುತ್ತದೆ. ಆಪರೇಷನ್‌ಗೆ ಕಾಯುತ್ತಿರುವವರು ಇದರ ಹತ್ತಿರವೂ ಸುಳಿಯಬಾರದು.

"ಊಟ ಬಿಟ್ಟುಬಿಡು, ನೋವೇ ಬರಲ್ಲ"

ಉಪವಾಸ ಮಾಡಿದರೆ ಚೀಲ ಖಾಲಿಯಾಗದೆ ರಸ ನಿಂತು ಮಂದವಾಗುತ್ತದೆ. ಅವಸರದಲ್ಲಿ ತೂಕ ಇಳಿಸಿಕೊಂಡವರಲ್ಲಿ ಹೊಸ ಕಲ್ಲು ಕಟ್ಟುವುದೂ ಉಂಟು. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಉಣ್ಣಿ: ಇಡ್ಲಿ, ಮುದ್ದೆ, ಸಣ್ಣ ಒಗ್ಗರಣೆಯ ಸಾರು, ಬೆಣ್ಣೆ ತೆಗೆದ ಮಜ್ಜಿಗೆ. ಕರಿದದ್ದು, ತುಪ್ಪ, ಬೆಣ್ಣೆ ದೋಸೆ, ಕೊಬ್ಬಿನ ಮಾಂಸ, ಗಟ್ಟಿ ಕಾಯಿಚಟ್ನಿ ಸದ್ಯಕ್ಕೆ ಬೇಡ. ಇಷ್ಟು ಮಾಡಿದರೂ ನೋವು ಬರುವುದೇ ಇಲ್ಲವೆಂಬ ಖಾತ್ರಿಯಿಲ್ಲ, ಹಾಗಾಗಿ ಬಂದಾಗ "ಏನು ತಿಂದೆ?" ಎಂದು ರೋಗಿಯನ್ನು ಗದರುವುದೂ ಬೇಡ.

"ನೋವಿನ ಮಾತ್ರೆ ತಗೊಂಡರೆ ರೋಗ ಮುಚ್ಚಿಹೋಗುತ್ತೆ"

ಹಲ್ಲು ಕಚ್ಚಿ ಸಹಿಸಿದರೆ ಯಾರೂ ಪದಕ ಕೊಡುವುದಿಲ್ಲ. ಡೈಕ್ಲೋಫೆನಾಕ್‌ನಂಥ ಔಷಧಿ ಈ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದಯದ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ಇದೇ ಮಾತ್ರೆ ಅಪಾಯಕಾರಿಯಾಗಬಹುದು. ಆಪರೇಷನ್ ದಿನ ಕೊಟ್ಟಾಗಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ: ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೊಮ್ಮೆ. ನೋವು ಶುರುವಾದ ಹೊತ್ತನ್ನೂ ಗುರುತು ಹಾಕಿಕೊಳ್ಳಿ. ಬಿಸಿನೀರಿನ ಚೀಲದಿಂದ ಹಾಯೆನಿಸಿದರೆ ಇಟ್ಟುಕೊಳ್ಳಬಹುದು.

"ಪಿತ್ತಕೋಶ ತೆಗೆದರೆ ಅನ್ನ ಅರಗಲ್ಲ"

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ಈ ಚೀಲ ಅದನ್ನು ಶೇಖರಿಸಿಡುತ್ತದೆ ಅಷ್ಟೆ. ತೆಗೆದ ಮೇಲೆ ರಸ ನೇರ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಭೇದಿಯಾಗಬಹುದು. ಈ ಆಪರೇಷನ್ ಹೊಸದೂ ಅಲ್ಲ. ಭಾರತದಲ್ಲಿ ಮೊದಲ ಲ್ಯಾಪರೊಸ್ಕೋಪಿಕ್ (ಸಣ್ಣ ರಂಧ್ರಗಳ ಮೂಲಕ ಮಾಡುವ) ಪಿತ್ತಕೋಶ ಶಸ್ತ್ರಚಿಕಿತ್ಸೆಯನ್ನು ಡಾ. ತೆಹಮ್ಟನ್ ಉದ್ವಾಡಿಯಾ ಮುಂಬೈನಲ್ಲಿ ಮಾಡಿದ್ದು 1990ರಲ್ಲಿ. ಈಗ ಅದು ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತಿದೆ.

"ಡೇಟ್ ಕೊಟ್ಟಿದ್ದಾರಲ್ಲ, ಅಲ್ಲಿವರೆಗೆ ಕಾಯೋಣ"

ಆ ದಿನಾಂಕ ನೋವು ಬಂದು ಹೋಗುತ್ತಿರುವಷ್ಟು ಕಾಲಕ್ಕೆ ಮಾತ್ರ. ಮಾತ್ರೆಗೂ ಬಗ್ಗದೆ ಆರು ಗಂಟೆ ದಾಟಿದ ನೋವು, ಜ್ವರ, ಮೈನಡುಕ, ಕಣ್ಣು ಹಳದಿಯಾಗುವುದು, ಕಾಫಿ ಬಣ್ಣದ ಮೂತ್ರ, ಬಿಳಿಚಿದ ಮಲ, ನಿಲ್ಲದ ವಾಂತಿ, ಇವುಗಳಲ್ಲಿ ಒಂದು ಕಂಡರೂ ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ನೋವು, ಜ್ವರ ಅಷ್ಟಾಗಿ ಕಾಣದೆಯೂ ಸೋಂಕು ಬೆಳೆಯಬಹುದು, ಅವರಿಗೆ ಇನ್ನೂ ಬೇಗ ತೋರಿಸಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ.