ಸ್ವಯಂ ಹಾನಿ ಮತ್ತು ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಗ್ರಾಮದ ಯಾವುದಾದರೂ ಮನೆಯಲ್ಲಿ ಒಬ್ಬ ಯುವಕನೋ ಯುವತಿಯೋ ತನ್ನ ದೇಹಕ್ಕೆ ತಾನೇ ಗಾಯ ಮಾಡಿಕೊಂಡ ವಿಷಯ ಹೊರಬಿದ್ದಾಗ, ಅನೇಕ ವೇಳೆ ವೈದ್ಯರಿಗಿಂತ ಮೊದಲು ಆ ಸುದ್ದಿ ತಲುಪುವುದು ವಾರ್ಡಿನ ಸದಸ್ಯರಿಗೆ. ಮಾನ ಹೋಗುತ್ತದೆ, ಹೇಗಾದರೂ ಮುಚ್ಚಿಹಾಕಿ ಎಂದು ಮನೆಯವರು ಬೇಡಿಕೊಳ್ಳುತ್ತಾರೆ. ಹೆದರಿಸಿ ಬುದ್ಧಿ ಹೇಳಿ ಎಂದು ನೆರೆಹೊರೆಯವರು ಒತ್ತಾಯಿಸುತ್ತಾರೆ. ಆ ಗಳಿಗೆಯಲ್ಲಿ ಸದಸ್ಯರು ಆಡುವ ಮಾತು ಆ ವ್ಯಕ್ತಿಯನ್ನು ಚಿಕಿತ್ಸೆಯತ್ತ ಕರೆದೊಯ್ಯಬಹುದು ಅಥವಾ ಇನ್ನಷ್ಟು ಮೌನಕ್ಕೆ ತಳ್ಳಬಹುದು. ಆದ್ದರಿಂದ ಈ ವಿಷಯದ ಪ್ರಾಥಮಿಕ ತಿಳಿವಳಿಕೆ ಪ್ರತಿಯೊಬ್ಬ ಸದಸ್ಯರಿಗೂ ಅವಶ್ಯ.

ಸ್ವಯಂ ಹಾನಿ ಎಂದರೇನು?

ವ್ಯಕ್ತಿಯು ಉದ್ದೇಶಪೂರ್ವಕವಾಗಿ ತನ್ನ ದೇಹಕ್ಕೆ ತಾನೇ ನೋವು ಅಥವಾ ಗಾಯ ಉಂಟುಮಾಡಿಕೊಳ್ಳುವುದನ್ನು ಸ್ವಯಂ ಹಾನಿ ಎನ್ನಲಾಗುತ್ತದೆ. ಹೀಗೆ ಮಾಡಿಕೊಳ್ಳುವವರೆಲ್ಲರೂ ಸಾಯಲು ಬಯಸಿರುತ್ತಾರೆಂದು ಭಾವಿಸುವುದು ಸರಿಯಲ್ಲ. ತಡೆಯಲಾಗದ ದುಃಖ, ಸಿಟ್ಟು, ತನ್ನ ಮೇಲಿನ ಜಿಗುಪ್ಸೆ ಅಥವಾ ಒಳಗೆಲ್ಲ ಬರಿದಾದಂತಹ ಭಾವ ಉಕ್ಕಿ ಬಂದಾಗ, ದೇಹದ ನೋವು ಕ್ಷಣಕಾಲ ಮನಸ್ಸಿನ ನೋವನ್ನು ಮರೆಸುತ್ತದೆ. ಆ ಶಮನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದರ ಹಿಂದೆಯೇ ನಾಚಿಕೆಯೂ ಅಪರಾಧಿ ಭಾವವೂ ಬರುತ್ತವೆ. ಅವು ಮತ್ತೆ ಅದೇ ಕೃತ್ಯಕ್ಕೆ ದಾರಿ ಮಾಡುತ್ತವೆ.

ಬಹಳ ಮಂದಿ ತಮ್ಮ ಗಾಯಗಳನ್ನು ಬಟ್ಟೆಯಡಿ ಬಚ್ಚಿಡುತ್ತಾರೆ. ಇತರರ ಗಮನ ಸೆಳೆಯಲು ಆಡುವ ನಾಟಕವೆಂಬ ಮಾತಿಗೆ ಈ ಗೋಪ್ಯತೆಯೇ ಉತ್ತರವಾಗಿದೆ. ಸಾಯುವ ಉದ್ದೇಶವಿಲ್ಲದಿದ್ದರೂ ವಿಷಯವನ್ನು ಹಗುರವಾಗಿ ಕಾಣಬಾರದು. ಪದೇ ಪದೇ ಸ್ವಯಂ ಹಾನಿ ಮಾಡಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚಾಗಿರುತ್ತದೆ.

ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆಯೊಂದಿಗಿನ ಸಂಬಂಧ

ಖಿನ್ನತೆ, ಮದ್ಯವ್ಯಸನ, ಬಾಲ್ಯದ ದೌರ್ಜನ್ಯ, ಕೌಟುಂಬಿಕ ಹಿಂಸೆ ಮೊದಲಾದ ಅನೇಕ ಕಾರಣಗಳಿಂದ ಸ್ವಯಂ ಹಾನಿ ಸಂಭವಿಸಬಹುದು. ಅದು ಮತ್ತೆ ಮತ್ತೆ ಕಂಡುಬಂದಾಗ ವೈದ್ಯರು ಪರಿಶೀಲಿಸುವ ಸ್ಥಿತಿಗಳಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆಯೂ ಒಂದು. ಬಾರ್ಡರ್‌ಲೈನ್ ಎಂದರೆ ಗಡಿರೇಖೆ. ಎರಡು ಬಗೆಯ ಮನೋರೋಗಗಳ ಗಡಿಯಲ್ಲಿರುವ ಸ್ಥಿತಿಯೆಂದು ಹಿಂದಿನ ವೈದ್ಯರು ಭಾವಿಸಿದ್ದರಿಂದ ಈ ಹೆಸರು ಬಂದಿತು. ಆ ಕಲ್ಪನೆ ಹಿಂದೆ ಸರಿದಿದೆ, ಹೆಸರು ಉಳಿದಿದೆ. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘದ ಕೈಪಿಡಿಯು ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಕೊಂಡಿತು.

ಈಗಿನ ಕೈಪಿಡಿಯು 9 ಲಕ್ಷಣಗಳನ್ನು ಹೇಳುತ್ತದೆ. ಅವುಗಳಲ್ಲಿ ಕನಿಷ್ಠ 5 ದೀರ್ಘಕಾಲ ಇದ್ದಲ್ಲಿ ಮಾತ್ರ ಕಾಯಿಲೆಯನ್ನು ನಿರ್ಧರಿಸಲಾಗುತ್ತದೆ. ತನ್ನನ್ನು ತೊರೆದು ಹೋಗುವರೆಂಬ ತೀವ್ರ ಭಯ, ಇಂದು ಅತಿಯಾದ ಪ್ರೀತಿ ನಾಳೆ ಅತಿಯಾದ ದ್ವೇಷವೆಂಬಂತೆ ಏರಿಳಿಯುವ ಸಂಬಂಧಗಳು, ತಾನು ಯಾರೆಂಬುದರ ಬಗ್ಗೆ ಅಸ್ಥಿರತೆ, ಗಂಟೆ ಗಂಟೆಗೂ ಬದಲಾಗುವ ಭಾವಗಳು, ಹತೋಟಿ ಮೀರಿದ ಕೋಪ, ಸದಾ ಕಾಡುವ ಶೂನ್ಯಭಾವ ಇವುಗಳಲ್ಲಿ ಮುಖ್ಯವಾದವು. ಪದೇ ಪದೇ ಸ್ವಯಂ ಹಾನಿ ಮಾಡಿಕೊಳ್ಳುವುದು ಅಥವಾ ಆತ್ಮಹತ್ಯೆಗೆ ಯತ್ನಿಸುವುದೂ ಆ ಒಂಬತ್ತರಲ್ಲಿ ಒಂದಾಗಿದೆ.

ಆದಾಗ್ಯೂ ಸ್ವಯಂ ಹಾನಿ ಮಾಡಿಕೊಂಡವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ಕಾಯಿಲೆ ಇರುವವರೆಲ್ಲರೂ ಸ್ವಯಂ ಹಾನಿ ಮಾಡಿಕೊಳ್ಳುವುದೂ ಇಲ್ಲ. ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವ, ಬಾಲ್ಯದ ಆಘಾತ, ಭಾವನೆಗಳನ್ನು ಸದಾ ಅಲ್ಲಗಳೆಯುವ ಪರಿಸರ ಇವೆಲ್ಲ ಕೂಡಿ ಇದಕ್ಕೆ ಕಾರಣವಾಗಬಹುದು. ಯಾರಿಗೆ ಯಾವ ಕಾಯಿಲೆ ಎಂದು ನಿರ್ಧರಿಸುವುದು ಮನೋವೈದ್ಯರ ಕೆಲಸ. ಸದಸ್ಯರಾಗಲಿ ನೆರೆಹೊರೆಯವರಾಗಲಿ ಈ ಹೆಸರನ್ನು ಯಾರಿಗೂ ಅಂಟಿಸಬಾರದು.

ಇದಕ್ಕೆ ಚಿಕಿತ್ಸೆ ಇದೆ

ಬಹುಕಾಲ ಇದನ್ನು ವಾಸಿಯಾಗದ ಸ್ಥಿತಿಯೆಂದು ಭಾವಿಸಲಾಗಿತ್ತು. ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ಅವರು ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯು ಸ್ವಯಂ ಹಾನಿಯನ್ನು ಕಡಿಮೆ ಮಾಡುವುದೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಸಂಕಟವನ್ನು ಸಹಿಸುವ, ಭಾವಗಳನ್ನು ನಿಭಾಯಿಸುವ, ಸಂಬಂಧಗಳನ್ನು ಉಳಿಸಿಕೊಳ್ಳುವ ಕೌಶಲಗಳನ್ನು ಇದರಲ್ಲಿ ಹಂತಹಂತವಾಗಿ ಕಲಿಸಲಾಗುತ್ತದೆ. ಹರೆಯದಲ್ಲಿ ತಾವೇ ಸ್ವಯಂ ಹಾನಿ ಮಾಡಿಕೊಂಡು ಮನೋರೋಗ ಆಸ್ಪತ್ರೆಯಲ್ಲಿ ದಾಖಲಾಗಿದ್ದುದನ್ನು ಲಿನೆಹನ್ ಅವರು 2011ರಲ್ಲಿ ಬಹಿರಂಗವಾಗಿ ಹೇಳಿದರು. ರೋಗಿಯಾಗಿದ್ದವರೇ ಚಿಕಿತ್ಸೆಯ ದಾರಿ ತೋರಿದ ಈ ನಿದರ್ಶನವು ನೊಂದ ಕುಟುಂಬಗಳಿಗೆ ಧೈರ್ಯ ನೀಡುವಂತಹುದು.

ಈ ಕಾಯಿಲೆಗೆಂದೇ ಪ್ರತ್ಯೇಕ ಔಷಧಿ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ವೈದ್ಯರು ಔಷಧಿ ನೀಡಬಹುದು. ವರ್ಷಗಳು ಕಳೆದಂತೆ ಬಹುಪಾಲು ಮಂದಿಯಲ್ಲಿ ಲಕ್ಷಣಗಳು ತಗ್ಗುತ್ತವೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಮಾತ್ರ ಯಾರೂ ನೀಡಬಾರದು. ಅದು ಚಿಕಿತ್ಸೆಯನ್ನು ಮುಂದೂಡಿ ಇಬ್ಬರ ಬಾಳನ್ನು ಸಂಕಟಕ್ಕೀಡುಮಾಡುತ್ತದೆ.

ಕಾನೂನು ಏನು ಹೇಳುತ್ತದೆ?

ಪೊಲೀಸ್ ಪ್ರಕರಣವಾಗುವುದೆಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವವರಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಪ್ರಕರಣದಂತೆ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸಾರ್ವಜನಿಕ ನೌಕರರ ಮೇಲೆ ಒತ್ತಡ ಹೇರುವ ಉದ್ದೇಶದ ಯತ್ನವನ್ನು ಹೊರತುಪಡಿಸಿ, ಆತ್ಮಹತ್ಯೆಯ ಯತ್ನವು ಅಪರಾಧವಾಗಿ ಉಳಿದಿಲ್ಲ. ಈ ಸಂಗತಿಯನ್ನು ಕುಟುಂಬದವರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಗಾಯವಾಗಿದ್ದರೆ ಅಥವಾ ಪ್ರಾಣಾಪಾಯದ ಶಂಕೆಯಿದ್ದರೆ ಕೂಡಲೇ 108ಕ್ಕೆ ಕರೆ ಮಾಡುವುದು. ವ್ಯಕ್ತಿಯನ್ನು ಒಂಟಿಯಾಗಿ ಬಿಡದಿರುವುದು.

2. ಬೈಯದೆ, ಆಣೆ ಪ್ರಮಾಣ ಮಾಡಿಸದೆ, ಸಮಾಧಾನದಿಂದ ಕೇಳಿಸಿಕೊಳ್ಳುವುದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

3. ಕೀಟನಾಶಕ, ಔಷಧಿ ಮೊದಲಾದ ಅಪಾಯಕರ ವಸ್ತುಗಳು ಕೈಗೆ ಸಿಗದಂತೆ ಬೀಗ ಹಾಕಿಡಲು ಮನೆಯವರಿಗೆ ತಿಳಿಸುವುದು.

4. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರ ಮಾಹಿತಿ ನೀಡುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ.

5. ಆಶಾ ಕಾರ್ಯಕರ್ತೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೂಲಕ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸುವುದು. 1996ರಲ್ಲಿ ಆರಂಭವಾದ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ನಿಮ್ಹಾನ್ಸ್ ಸಂಸ್ಥೆಯು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಯಿತು.

6. ವ್ಯಕ್ತಿಯ ಹೆಸರು, ಮನೆತನ, ಭಾವಚಿತ್ರಗಳನ್ನು ಗ್ರಾಮಸಭೆಯಲ್ಲಾಗಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಾಗಲಿ ಪ್ರಸ್ತಾಪಿಸದಿರುವುದು. ಇಂತಹ ವಿಷಯವನ್ನು ಪಂಚರ ಮುಂದೆ ನ್ಯಾಯಕ್ಕೆ ಇಡದಿರುವುದು.

7. ಚಿಕಿತ್ಸೆ ಆರಂಭವಾದ ಮೇಲೂ ಕುಟುಂಬದ ಸಂಪರ್ಕದಲ್ಲಿರುವುದು. ಗುಣಮುಖರಾಗಲು ಕಾಲ ಹಿಡಿಯುತ್ತದೆ. ನಡುವೆ ಮತ್ತೊಮ್ಮೆ ಗಾಯ ಮಾಡಿಕೊಂಡರೆ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬಾರದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು, ಯಾರ ಹೆಸರನ್ನೂ ಎತ್ತದೆ, ಚರ್ಚೆಗೆ ತೆಗೆದುಕೊಳ್ಳಬೇಕೆಂದೂ, 14416 ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ ಹಾಗೂ ಹಾಲಿನ ಡೇರಿಗಳ ಗೋಡೆಯ ಮೇಲೆ ಬರೆಸಬೇಕೆಂದೂ ಎಲ್ಲ ಸದಸ್ಯರನ್ನು ಕೋರಲಾಗಿದೆ.