ಪಟ್ಟಿಯಲ್ಲಿ ಇಲ್ಲದ ಹೆಸರು

2007ರ ಜೂನ್ ತಿಂಗಳು. ರಾಷ್ಟ್ರಪತಿ ಹುದ್ದೆಗೆ ಆಡಳಿತಾರೂಢ ಯುಪಿಎ ಯಾರನ್ನು ನಿಲ್ಲಿಸುತ್ತದೆ ಎಂಬ ಚರ್ಚೆಯಲ್ಲಿ ಮುಂಚೂಣಿಯಲ್ಲಿದ್ದ ಹೆಸರು ಶಿವರಾಜ ಪಾಟೀಲರದು. ಮರಾಠವಾಡದ ಲಾತೂರಿನವರು, ಲೋಕಸಭೆಯ ಮಾಜಿ ಸ್ಪೀಕರ್, ಆಗಿನ ಕೇಂದ್ರ ಗೃಹ ಸಚಿವ. ಬೀದರಿಗೆ ಅಂಟಿಕೊಂಡ ಜಿಲ್ಲೆಯವರಾದ್ದರಿಂದ ನಮ್ಮ ಕಡೆಯವರಿಗೂ ಹೊಸಬರಲ್ಲ. ಆದರೆ ಎಡಪಕ್ಷಗಳು ಒಪ್ಪಲಿಲ್ಲ. ಸೋಲಾಪುರದ ಸುಶೀಲಕುಮಾರ ಶಿಂಧೆ, ಕರಣ್ ಸಿಂಗ್, ಪ್ರಣಬ್ ಮುಖರ್ಜಿ ಎಂದು ಹೆಸರುಗಳು ಬಂದವು, ಹೋದವು. ಜೂನ್ 14ರಂದು ಕೊನೆಗೂ ಹೊರಬಿದ್ದ ಹೆಸರಿನಲ್ಲಿ ‘ಪಾಟೀಲ’ ಹಾಗೇ ಉಳಿದಿತ್ತು, ಅದರ ಮುಂದಿನದು ಮಾತ್ರ ಬದಲಾಗಿತ್ತು: ಪ್ರತಿಭಾ ಪಾಟೀಲ. ಜಳಗಾಂವ್ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಆಗ ರಾಜಸ್ಥಾನದ ರಾಜ್ಯಪಾಲರಾಗಿದ್ದ ಅವರ ಹೆಸರನ್ನು ಅದಕ್ಕೆ ವಾರದ ಹಿಂದೆ ಯಾರೂ ಗಂಭೀರವಾಗಿ ಬರೆದಿರಲಿಲ್ಲ.

ಜಳಗಾಂವ್‌ನಿಂದ ಅಜಂತಾ ಘಟ್ಟ ಹತ್ತಿ ದಕ್ಷಿಣಕ್ಕೆ ಬಂದರೆ ಛತ್ರಪತಿ ಸಂಭಾಜಿನಗರ ಜಿಲ್ಲೆ; ನಗರದಿಂದ ಪೈಠಣದ ದಾರಿ ಹಿಡಿದರೆ ಬಿಡಕಿನ್. ಅಲ್ಲಿಂದ ಇನ್ನೂ ಮುಂದೆ ಹೋದರೆ ಗೋದಾವರಿ, ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆ ಎಂದು ಗುರುತಿಸಿದ ಅದೇ ಹೊಳೆ. ಈಚೆಗೆ ಬಿಡಕಿನ್ ಹೆಸರು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದು ಬೇರೆ ಕಾರಣಕ್ಕೆ. ಇಲ್ಲಿನ 7,855 ಎಕರೆ ಕೈಗಾರಿಕಾ ಪ್ರದೇಶವನ್ನು ಹೊಸ ಕಾರ್ಖಾನೆಗೆ ಆರಿಸಿಕೊಂಡ ಕಂಪನಿಗಳಲ್ಲಿ ಬೆಂಗಳೂರಿನ ಏಥರ್ ಎನರ್ಜಿಯೂ ಒಂದು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ ಸಂಭಾಜಿನಗರದಲ್ಲಿ ಘಟಕ ಕಟ್ಟಲು 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು.

ರಾಷ್ಟ್ರಪತಿ ಚುನಾವಣೆಗೂ ಬಿಡಕಿನ್‌ಗೂ ಏನು ಸಂಬಂಧ? ಬೇರೆ ಯಾವ ಊರಿಗೂ ಇರುವಷ್ಟೇ. ಊರಿನ ಮತದಾರರು ಆ ದಿನ ಬೂತಿಗೆ ಹೋಗುವುದಿಲ್ಲ. ಅವರ ಪರವಾಗಿ ಪೈಠಣ ಕ್ಷೇತ್ರದ ಶಾಸಕ ಮುಂಬೈಯಲ್ಲಿ ಗುಲಾಬಿ ಬಣ್ಣದ ಮತಪತ್ರ ಹಿಡಿಯುತ್ತಾರೆ, ಜಾಲನಾ ಕ್ಷೇತ್ರದ ಸಂಸದ ದಿಲ್ಲಿಯಲ್ಲಿ ಹಸಿರು ಬಣ್ಣದ್ದು. ಶಾಸಕರ ಒಂದು ಮತಕ್ಕೆ 175 ಮೌಲ್ಯ. ಅದೇ ಕರ್ನಾಟಕದ ಶಾಸಕರದಾದರೆ 131, ಉತ್ತರ ಪ್ರದೇಶದವರದು 208, ಸಿಕ್ಕಿಂನವರದು ಬರೀ 7. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ತಮಾಷೆಯೆಂದರೆ ಲೆಕ್ಕಕ್ಕೆ ಹಿಡಿಯುವುದು ಇವತ್ತಿನ ಜನಸಂಖ್ಯೆಯಲ್ಲ, 1971ರದು. ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿ ಮಾಡಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು ಆ ಅಂಕಿಯನ್ನು ಹಾಗೇ ಕಟ್ಟಿಹಾಕಲಾಗಿದೆ. 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗುವವರೆಗೆ ಅದೇ ನಡೆಯುತ್ತದೆ.

ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಪ್ರಮಾಣವಚನ ಸ್ವೀಕರಿಸಿದ್ದು 2022ರ ಜುಲೈ 25ರಂದು. ಅಂದರೆ 2027ರ ಜುಲೈ ಹೊತ್ತಿಗೆ ಮುಂದಿನವರು ಆಯ್ಕೆಯಾಗಿರಬೇಕು. ಸಂಭಾವ್ಯರ ಪಟ್ಟಿ ಕಟ್ಟುವವರಿಗೆ ಇದು ಸುಗ್ಗಿ.

ಪಟ್ಟಿ ಕಟ್ಟುವುದು ಎಷ್ಟು ಸುಲಭ ಎಂದರೆ, ಬಿಡಕಿನ್‌ನಲ್ಲಿ ಕೂತೇ ಒಂದನ್ನು ಕಟ್ಟಬಹುದು. ಪ್ರತಿಭಾ ಪಾಟೀಲ ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ ಅಭ್ಯರ್ಥಿಯಾದರು. 2024ರ ಜುಲೈನಲ್ಲಿ ಅದೇ ರಾಜಸ್ಥಾನಕ್ಕೆ ರಾಜ್ಯಪಾಲರಾಗಿ ನೇಮಕಗೊಂಡವರು ಇದೇ ಸಂಭಾಜಿನಗರ ಜಿಲ್ಲೆಯ ಫುಲಂಬ್ರಿಯ ಹರಿಭಾವು ಬಾಗಡೆ, ಮಹಾರಾಷ್ಟ್ರ ವಿಧಾನಸಭೆಯ ಮಾಜಿ ಸ್ಪೀಕರ್. ಇಷ್ಟು ಸಾಕಲ್ಲ, ‘ಇತಿಹಾಸ ಮರುಕಳಿಸಲಿದೆಯೇ?’ ಎಂದು ಶೀರ್ಷಿಕೆ ಕೊಡಲು! ಎರಡು ಕಾಕತಾಳೀಯ, ಒಂದು ಪ್ರಶ್ನಾರ್ಥಕ ಚಿಹ್ನೆ. ಚುನಾವಣೆಗೆ ಮುಂಚೆ ಓಡಾಡುವ ಬಹುಪಾಲು ಪಟ್ಟಿಗಳ ಹೂರಣ ಇದಕ್ಕಿಂತ ಹೆಚ್ಚಿರುವುದಿಲ್ಲ.

ಹಳೆಯ ಪಟ್ಟಿಗಳನ್ನೇ ತೆಗೆದು ನೋಡಿ. 2002ರಲ್ಲಿ ಮಹಾರಾಷ್ಟ್ರದ ಆಗಿನ ರಾಜ್ಯಪಾಲ ಪಿ.ಸಿ. ಅಲೆಕ್ಸಾಂಡರ್, ಉಪರಾಷ್ಟ್ರಪತಿ ಕೃಷ್ಣಕಾಂತ್ ಹೆಸರು ಜೋರಾಗಿದ್ದವು. ಆದದ್ದು ಅಣ್ಣಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ. 2007ರ ಹೊತ್ತಿಗೆ ನಮ್ಮ ಎನ್.ಆರ್. ನಾರಾಯಣಮೂರ್ತಿಯವರ ಹೆಸರೂ ಪತ್ರಿಕೆಗಳಲ್ಲಿ ಓಡಾಡಿತು. ಏಪ್ರಿಲ್‌ನಲ್ಲಿ ಮೈಸೂರಿನ ಇನ್ಫೊಸಿಸ್ ಆವರಣದಲ್ಲಿ ರಾಷ್ಟ್ರಗೀತೆಯನ್ನು ವಾದ್ಯದಲ್ಲಷ್ಟೇ ನುಡಿಸಿದ್ದು ವಿವಾದವಾಗಿ, ಆಮೇಲೆ ಆ ಮಾತು ತಣ್ಣಗಾಯಿತು. 2012ರ ಜೂನ್ 13ರಂದು ಮಮತಾ ಬ್ಯಾನರ್ಜಿ ಮತ್ತು ಮುಲಾಯಂ ಸಿಂಗ್ ಸೇರಿ ಕಲಾಂ, ಮನಮೋಹನ ಸಿಂಗ್, ಸೋಮನಾಥ ಚಟರ್ಜಿ ಎಂದು ಮೂರು ಹೆಸರು ಮುಂದಿಟ್ಟರು. ಎರಡೇ ದಿನಕ್ಕೆ ಯುಪಿಎ ಪ್ರಣಬ್ ಮುಖರ್ಜಿಯವರನ್ನು ಘೋಷಿಸಿತು, ಮುಲಾಯಂ ಅತ್ತ ಜಿಗಿದರು. 2017ರಲ್ಲಿ ಅಡ್ವಾಣಿ, ಸುಷ್ಮಾ ಸ್ವರಾಜ್, ಸುಮಿತ್ರಾ ಮಹಾಜನ್ ಎಂದು ಪುಟಗಟ್ಟಲೆ ಬರೆದರು. ಶಿವಸೇನೆಯಂತೂ ಆರೆಸ್ಸೆಸ್ ಮುಖ್ಯಸ್ಥ ಮೋಹನ ಭಾಗವತರನ್ನೇ ಸೂಚಿಸಿತು; ಅವರು ತಮಗೆ ಬೇಡ ಎಂದರು. ಜೂನ್ 19ರಂದು ಬಿಹಾರದ ರಾಜ್ಯಪಾಲ ರಾಮನಾಥ ಕೋವಿಂದ್ ಹೆಸರು ಬಂದಾಗ ಅವರು ಯಾರೆಂದು ಹುಡುಕಲು ದೇಶವೇ ಮೊಬೈಲ್ ತೆಗೆಯಿತು. ಪಟ್ಟಿಗಳಿಗೆ ಒಂದಿಷ್ಟು ಅಂಕ ಕೊಡಲೇಬೇಕಾದದ್ದು ಮುರ್ಮು ವಿಷಯದಲ್ಲಿ. ಅವರ ಹೆಸರು 2017ರಲ್ಲೇ ಓಡಾಡಿತ್ತು, ನಿಜವಾಗಲು ಐದು ವರ್ಷ ಬೇಕಾಯಿತು.

ಪಟ್ಟಿಗಳು ಯಾಕೆ ತಪ್ಪುತ್ತವೆ? ಅವು ವ್ಯಕ್ತಿಯ ಅರ್ಹತೆ, ಹಿರಿತನ, ವರ್ಚಸ್ಸು ತೂಗುತ್ತವೆ. ಪಕ್ಷದ ನಾಯಕರು ತೂಗುವುದು ಬೇರೆಯದನ್ನು. ಗೆಲ್ಲಲು ಎಷ್ಟು ಮತ ಕಡಿಮೆ ಬೀಳುತ್ತವೆ, ಆ ಮತ ಯಾರ ಮನೆಯಲ್ಲಿವೆ, ಯಾವ ಹೆಸರು ಹೇಳಿದರೆ ಆ ಮನೆಯವರು ಬೇಡ ಎನ್ನಲಾರರು? ಅಭ್ಯರ್ಥಿ ಎಂದರೆ ಎದುರಾಳಿಯ ಬಾಗಿಲಿನ ಬೀಗಕ್ಕೆ ಹೊಂದುವ ಕೀಲಿಕೈ. ಪ್ರತಿಭಾ ಪಾಟೀಲ ಮರಾಠಿ ಮಹಿಳೆ ಎಂಬ ಒಂದೇ ಕಾರಣಕ್ಕೆ, ಎನ್‌ಡಿಎಯಲ್ಲೇ ಇದ್ದ ಬಾಳ ಠಾಕ್ರೆಯವರ ಶಿವಸೇನೆ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿತು. ಕೋವಿಂದ್ ಹೆಸರು ಬಂದಾಗ ಲಾಲೂ ಜೊತೆ ಸರ್ಕಾರ ನಡೆಸುತ್ತಿದ್ದ ನಿತೀಶ್ ಕುಮಾರ್, ತಮ್ಮ ರಾಜ್ಯದ ರಾಜ್ಯಪಾಲರೆಂದು ಬೆಂಬಲಿಸಿದರು. 2022ರ ಉದಾಹರಣೆಯಂತೂ ಪಾಠಪುಸ್ತಕದಂತಿದೆ. ಒಡಿಶಾದ ಮಗಳೆಂದು ನವೀನ್ ಪಟ್ನಾಯಕ್ ಕೈ ಎತ್ತಿದರು. ಕಾಂಗ್ರೆಸ್ ಜೊತೆ ಅಧಿಕಾರದಲ್ಲಿದ್ದ ಜಾರ್ಖಂಡ್ ಮುಕ್ತಿ ಮೋರ್ಚಾ ಸಂತಾಲ ಮಹಿಳೆಯನ್ನು ವಿರೋಧಿಸಲಾಗದೆ ಹೂಂ ಎಂದಿತು. ಇಬ್ಭಾಗವಾಗಿದ್ದ ಶಿವಸೇನೆಯಲ್ಲಿ ಉದ್ಧವ್ ಠಾಕ್ರೆ ಬಣವೂ ಬಂತು, ಕರ್ನಾಟಕದಲ್ಲಿ ದೇವೇಗೌಡರ ಜೆಡಿಎಸ್ ಕೂಡ. ಮುರ್ಮು ಅವರಿಗೆ ಬಿದ್ದ ಮತಮೌಲ್ಯ 6,76,803. ಯಶವಂತ ಸಿನ್ಹಾ ಅವರಿಗೆ 3,80,177. ಸಿನ್ಹಾಗಿಂತ ಮೊದಲು ವಿರೋಧ ಪಕ್ಷಗಳು ಕೇಳಿದ್ದು ಬಾರಾಮತಿಯ ಶರದ್ ಪವಾರರನ್ನು, ಆಮೇಲೆ ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿಯವರನ್ನು. ಮೂವರೂ ಒಲ್ಲೆ ಎಂದರು. ಲೆಕ್ಕ ಬಲ್ಲ ಪವಾರರು ಮೊದಲೇ ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಾಡಿನ ಅಭಿಮಾನಕ್ಕೆ ಕರಗುವುದು ಹೆಚ್ಚಾಗಿ ಪ್ರಾದೇಶಿಕ ಪಕ್ಷಗಳು. 2007ರಲ್ಲಿ ಮಹಾರಾಷ್ಟ್ರದ ಬಿಜೆಪಿ ‘ನಮ್ಮವರು’ ಎಂದು ಪ್ರತಿಭಾ ಪಾಟೀಲರ ಕಡೆ ಹೋಗಲಿಲ್ಲ. ತನ್ನ ಭೈರೋನ್ ಸಿಂಗ್ ಶೆಖಾವತ್ ಪರ ನಿಂತಿತು. ಪ್ರಾದೇಶಿಕ ಪಕ್ಷಗಳೂ ಯಾವಾಗಲೂ ಕರಗುತ್ತವೆ ಎಂದಲ್ಲ. 2025ರ ಸೆಪ್ಟೆಂಬರ್‌ನ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಎನ್‌ಡಿಎ ನಿಲ್ಲಿಸಿದ ಸಿ.ಪಿ. ರಾಧಾಕೃಷ್ಣನ್ ತಮಿಳರು, ಅಲ್ಲಿಯವರೆಗೆ ಮಹಾರಾಷ್ಟ್ರದ ರಾಜ್ಯಪಾಲರು. ಆದರೂ ಡಿಎಂಕೆ ಮತ ಹಾಕಲಿಲ್ಲ. ಎದುರಿಗೆ ನಿಂತಿದ್ದ ತೆಲುಗರಾದ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರಿಗೆ ತೆಲುಗುದೇಶವೂ ವೈಎಸ್‌ಆರ್ ಕಾಂಗ್ರೆಸ್ಸೂ ಬೆಂಬಲ ಕೊಡಲಿಲ್ಲ.

ಈ ಅಳತೆಯಲ್ಲಿ ನಮ್ಮ ನಾಡನ್ನೇ ನೋಡೋಣ. ಸ್ವತಂತ್ರ ಭಾರತದಲ್ಲಿ ಕನ್ನಡಿಗರೊಬ್ಬರು ರಾಷ್ಟ್ರಪತಿಯಾಗಿ ಚುನಾಯಿತರಾದದ್ದಿಲ್ಲ. ಜಮಖಂಡಿ ಸೀಮೆಯ ಸಾವಳಗಿಯ ಬಿ.ಡಿ. ಜತ್ತಿ ಉಪರಾಷ್ಟ್ರಪತಿಯಾಗಿದ್ದಾಗ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡದ್ದರಿಂದ 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ ಹಂಗಾಮಿಯಾಗಿ ರಾಷ್ಟ್ರಪತಿ ಭವನದಲ್ಲಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಜನತಾ ಸರ್ಕಾರದ ಸಲಹೆಗೆ ಕೂಡಲೇ ಸಹಿ ಹಾಕದೆ ಸುದ್ದಿಯಾದರು. ಆ ವರ್ಷ ಹುದ್ದೆಗೆ ಮೊರಾರ್ಜಿ ದೇಸಾಯಿ ಕೇಳಿದ್ದು ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲರನ್ನು, ಅವರು ಒಪ್ಪಲಿಲ್ಲ. ಕೊನೆಗೆ ಆದದ್ದು ನೀಲಂ ಸಂಜೀವ ರೆಡ್ಡಿ. 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಅವರು ಅವಿರೋಧ ಆಯ್ಕೆಯಾದರು. ಉಪರಾಷ್ಟ್ರಪತಿ ಸ್ಥಾನಕ್ಕೆ 2022ರಲ್ಲಿ ಮಂಗಳೂರಿನ ಮಾರ್ಗರೆಟ್ ಆಳ್ವ ನಿಂತು ಸೋತರು.

ಅದೇ ಸಂಜೀವ ರೆಡ್ಡಿಯವರ ಎಂಟು ವರ್ಷ ಹಿಂದಿನ ಸೋಲು ಶುರುವಾದದ್ದು ಬೆಂಗಳೂರಿನಲ್ಲಿ. 1969ರ ಮೇ 3ರಂದು ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಂ ಹೆಸರು ಹೇಳಿದರು. ಸಂಸದೀಯ ಮಂಡಳಿ ಬಹುಮತದಿಂದ ಸಂಜೀವ ರೆಡ್ಡಿಯವರನ್ನು ಆರಿಸಿತು. ಅಲ್ಲಿ ರೆಡ್ಡಿ ಕಡೆ ವಾಲಿ ಇಂದಿರಾರನ್ನು ಬೆರಗಾಗಿಸಿದವರು ಆಗಿನ ಗೃಹ ಸಚಿವ ಯಶವಂತರಾವ್ ಚವಾಣ್.  ಆಡಳಿತ ಪಕ್ಷದ ಅಧಿಕೃತ ಅಭ್ಯರ್ಥಿ ಎಂದ ಮೇಲೆ ಊಹಿಸಲು ಇನ್ನೇನು ಉಳಿದಿತ್ತು? ಎಲ್ಲವೂ ಉಳಿದಿತ್ತು. ಒಂದು ಕಾಲಕ್ಕೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಇಂದಿರಾ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಕರೆ ಕೊಟ್ಟರು. ಮೂರನೆಯವರಾಗಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್, ಮಹಾರಾಷ್ಟ್ರದ ಸಿ.ಡಿ. ದೇಶಮುಖ್ ಕಣದಲ್ಲಿದ್ದರು.

ಆ ಎಣಿಕೆಯ ಸ್ವಾರಸ್ಯವೇ ಬೇರೆ. ರಾಷ್ಟ್ರಪತಿ ಚುನಾವಣೆಯಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಮೊದಲ ಸುತ್ತಿನಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲಲು ಬೇಕಿದ್ದ 4,18,169 ಯಾರಿಗೂ ಬರಲಿಲ್ಲ. ದೇಶಮುಖ್ ಅವರ ಮತಪತ್ರಗಳ ಎರಡನೇ ಪ್ರಾಶಸ್ತ್ಯ ಎಣಿಸಿದಾಗ ರೆಡ್ಡಿ ದಾಪುಗಾಲಿಟ್ಟರೂ ಗಿರಿ 4,20,077ಕ್ಕೆ ತಲುಪಿ, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ಎರಡನೇ ಪ್ರಾಶಸ್ತ್ಯದವರೆಗೆ ಹೋದ ಏಕೈಕ ಚುನಾವಣೆ ಅದು. ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಎರಡು ಹೋಳಾಯಿತು. ಮತದಾನ ಗುಪ್ತವಾಗಿರುವುದರಿಂದಲೂ ಈ ಚುನಾವಣೆಗೆ ವಿಪ್ ಹೊರಡಿಸುವಂತಿಲ್ಲವಾದ್ದರಿಂದಲೂ ಇಂಥದ್ದು ಸಾಧ್ಯ.

ಇನ್ನು ಯಾರು ಬೇಕಾದರೂ ನಿಲ್ಲಬಹುದೇ? 35 ವರ್ಷ ತುಂಬಿರಬೇಕು, ಲೋಕಸಭೆಗೆ ನಿಲ್ಲುವ ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿರಬಾರದು. ಜೊತೆಗೆ 50 ಮತದಾರರು ಸೂಚಕರಾಗಿ, ಬೇರೆ 50 ಮಂದಿ ಅನುಮೋದಕರಾಗಿ ಸಹಿ ಹಾಕಬೇಕು, 15,000 ರೂಪಾಯಿ ಠೇವಣಿ. ಈ ಗೋಡೆ ಕಟ್ಟಿದ್ದಕ್ಕೆ ಕಾರಣವಿದೆ. 1967ರಲ್ಲಿ 17 ಮಂದಿ ಕಣದಲ್ಲಿದ್ದು, ಅವರಲ್ಲಿ ಒಂಬತ್ತು ಮಂದಿಗೆ ಒಂದೂ ಮತ ಬೀಳಲಿಲ್ಲ. 1992ರಲ್ಲಿ ಎಲ್ಲ ಚುನಾವಣೆಗೂ ನಿಲ್ಲುತ್ತಿದ್ದ ‘ಧರ್ತಿ ಪಕಡ್’ ಕಾಕಾ ಜೋಗಿಂದರ್ ಸಿಂಗ್ ಕೂಡ ಕಣದಲ್ಲಿದ್ದು 1,135 ಮತಮೌಲ್ಯ ಗಳಿಸಿದ್ದರು.

2027ರ ಊಹೆಗೆ ಇತಿಹಾಸ ಒಂದೆರಡು ಸುಳಿವು ಕೊಡುತ್ತದೆ. ಉಪರಾಷ್ಟ್ರಪತಿಯಾದವರೇ ಮೇಲಿನ ಕುರ್ಚಿಗೆ ಏರುವ ಕಾಲ 1997ರಲ್ಲಿ ಕೆ.ಆರ್. ನಾರಾಯಣನ್ ಅವರೊಂದಿಗೆ ಮುಗಿದಂತಿದೆ. ಅಲ್ಲಿಯವರೆಗೆ ಆರು ಮಂದಿ ಹಾಗೆ ಏರಿದ್ದರು, ಆಮೇಲೆ ಒಬ್ಬರೂ ಇಲ್ಲ. ಕೊನೆಯ ನಾಲ್ವರಲ್ಲಿ ಮೂವರು, ಪಾಟೀಲ, ಕೋವಿಂದ್, ಮುರ್ಮು, ರಾಜ್ಯಪಾಲರಾಗಿದ್ದವರು. ಎರಡನೇ ಅವಧಿಗೆ ಆಯ್ಕೆಯಾದವರು ರಾಜೇಂದ್ರ ಪ್ರಸಾದ್ ಒಬ್ಬರೇ. ಕಲಾಂ ನಂತರ ದಕ್ಷಿಣದವರು ಬಂದಿಲ್ಲ.

ಕನ್ನಡಿಗರ ಹೆಸರು ಬಂದರೆ? 2023ರಲ್ಲಿ ಗೆದ್ದ ಕಾಂಗ್ರೆಸ್ಸಿನ 135 ಶಾಸಕರ ಮತಮೌಲ್ಯ 17,685. ಮರಾಠಿಗರ ಹೆಸರು ಬಂದರೆ? 2024ರಲ್ಲಿ ಅಲ್ಲಿನ ವಿರೋಧ ಪಕ್ಷಗಳ ಕೂಟವಾದ ಮಹಾವಿಕಾಸ ಆಘಾಡಿಯ ಮೂರು ದೊಡ್ಡ ಪಕ್ಷಗಳು ಗೆದ್ದದ್ದು 46 ಸ್ಥಾನ, ಅಂದರೆ 8,050. ಸಂಖ್ಯೆಯಲ್ಲಿ ಕರ್ನಾಟಕ ಆಕರ್ಷಕ. ಆದರೆ ಇಲ್ಲಿನದು ರಾಷ್ಟ್ರೀಯ ಪಕ್ಷ, ಕರಗುವ ಜಾತಿಯದಲ್ಲ. ಎನ್‌ಡಿಎ ಕನ್ನಡಿಗರೊಬ್ಬರನ್ನು ನಿಲ್ಲಿಸಿದರೆ ಹೆಮ್ಮೆ ಸಿಗಬಹುದು, ಹೆಚ್ಚುವರಿ ಮತ ಸಿಗುವುದು ಅನುಮಾನ. ಮಹಾರಾಷ್ಟ್ರದಲ್ಲಿ ಮತ ಕಡಿಮೆ, ಬೀಗ ಮಾತ್ರ ಸಡಿಲ. ಉದ್ಧವ್ ಮತ್ತು ಪವಾರರ ಪಕ್ಷಗಳಿಗೆ ಮರಾಠಿ ಹೆಸರನ್ನು ಬೇಡ ಎನ್ನುವುದು ಕಷ್ಟ.

ಆದರೆ ನಿಜವಾಗಿ ಕಣ್ಣಿಡಬೇಕಾದದ್ದು ಲಖನೌ ಮೇಲೆ. ಉತ್ತರ ಪ್ರದೇಶದ 403 ಶಾಸಕರ ಒಟ್ಟು ಮತಮೌಲ್ಯ 83,824. ಮಹಾರಾಷ್ಟ್ರದ 50,400 ಮತ್ತು ಕರ್ನಾಟಕದ 29,344 ಎರಡನ್ನೂ ಕೂಡಿಸಿದರೂ ಅದಕ್ಕೆ ಸಮ ಬರುವುದಿಲ್ಲ. ಅಲ್ಲಿನ ವಿಧಾನಸಭೆಯ ಅವಧಿ ಮುಗಿಯುವುದು 2027ರ ಮೇ ತಿಂಗಳಲ್ಲಿ, ರಾಷ್ಟ್ರಪತಿ ಚುನಾವಣೆಗೆ ಸ್ವಲ್ಪವೇ ಮುಂಚೆ. ಅಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಗೊತ್ತಾಗುವ ಮೊದಲು ಯಾರಾದರೂ ರಾಷ್ಟ್ರಪತಿಯ ಹೆಸರು ಹೇಳಿದರೆ, ಬಿಡಕಿನ್‌ನವರಾಗಲಿ ಬೆಂಗಳೂರಿನವರಾಗಲಿ ಅದನ್ನು ನಂಬಬೇಕಾಗಿಲ್ಲ. ಆಳುವ ಪಕ್ಷ 2017ರಲ್ಲಿ ತನ್ನ ಹೆಸರು ಹೇಳಿದ್ದು ಜೂನ್ 19ಕ್ಕೆ, 2022ರಲ್ಲಿ ಜೂನ್ 21ಕ್ಕೆ.