ನಿಮಗಿದು ಗೊತ್ತೆ? ನೆಟ್ ಇಲ್ಲದ ಕಾಲದಲ್ಲೇ ಬಂದಿತ್ತು ವಿಡಿಯೊ ಪಾಠ!
ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳೆಲ್ಲ ವಿಜಾಪುರ ಜಿಲ್ಲೆಯಲ್ಲೇ ಇದ್ದ ಕಾಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆ ಜಿಲ್ಲೆಯ ಆಯ್ದ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕನ್ನಡ ಪಾಠ ಬರುತ್ತಿತ್ತು. ಅದು ಇಸ್ರೊದ ‘ಸೈಟ್’ ಪ್ರಯೋಗ. ಉಪಗ್ರಹ ಅಮೆರಿಕದ ಎಟಿಎಸ್-6. ರಾಜ್ಯದ ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಈ ಪ್ರಯೋಗದಲ್ಲಿದ್ದವು. ದೇಶದಲ್ಲಿ ಒಟ್ಟು ಸುಮಾರು 2,400 ಹಳ್ಳಿಗಳು. ಕೋಳಿಗೂಡಿಗೆ ಬಿಗಿಯುವ ತಂತಿ ಜಾಲರಿಯಿಂದಲೇ ಮಾಡಿದ ಹತ್ತಡಿ ಅಗಲದ ಆಂಟೆನಾ, ಒಂದು ಟಿ.ವಿ. ಇವೇ ಮುಖ್ಯ ಸಲಕರಣೆ! ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ.

ಇಂದು ‘ದೀಕ್ಷಾ’ ಆ್ಯಪ್‌ನಲ್ಲಿ ಪಾಠವನ್ನು ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ಶಿಕ್ಷಕರೇ, ಪಾಲಕರೇ, ಸಿಗ್ನಲ್ ಸಿಗುವ ಕಡೆ ಇಳಿಸಿಕೊಂಡು ಮಕ್ಕಳಿಗೆ ತೋರಿಸಿ.